ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರೆಮೆನ್ನಿನ ಪೀಪಾಯಿ ಬೀದಿ

ಉತ್ತರ ಜರ್ಮನಿಯ ಬ್ರೆಮೆನ್ ನಗರದಲ್ಲಿರುವ ಬ್ಯೋಟ್ಷರ್‌ಸ್ಟ್ರಾಸೆ ಎಂಬ ಕೆಂಪಿಟ್ಟಿಗೆ ಬೀದಿಯ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೆವು. ಅದನ್ನು ನೋಡಿ ಕಾಸರಗೋಡಿನ ಓದುಗರು ಬರೆದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರ: ಚಿತ್ರದ ಬೀದಿ ಮುನ್ನೂರು ನಾನೂರು ವರ್ಷದ್ದು ಅನ್ನಿಸುತ್ತದೆ. ನಿಜಕ್ಕೂ ಎಷ್ಟು ಹಳೆಯದು? ಹೆಸರಿಗೆ ಅರ್ಥವೇನು?
(ಓದುಗರು, ಕುಂಬಳೆ)

ಉ: ದಾರಿ ಹಳೆಯದು, ಕಟ್ಟಡಗಳು ಹೊಸವು. ಬ್ಯೋಟ್ಷರ್ ಎಂದರೆ ಮರದ ಪೀಪಾಯಿ ಮಾಡುವವನು. ಪೇಟೆಯ ಚೌಕದಿಂದ ವೇಸರ್ ನದಿಯ ಕಡೆಗೆ ಇಳಿಯುವ ಒಳದಾರಿ ಇದು. ಹಡಗಿಗೆ ಏರುವ ಸರಕನ್ನು ಪೀಪಾಯಿಗಳಲ್ಲಿ ತುಂಬುತ್ತಿದ್ದ ಕಾಲದಲ್ಲಿ ಆ ಕಸುಬಿನವರು ಇಲ್ಲಿದ್ದರು. 19ನೇ ಶತಮಾನದಲ್ಲಿ ಬಂದರಿನ ಕೆಲಸ ಬೇರೆಡೆಗೆ ಸರಿಯಿತು, ಬೀದಿ ಹಾಳುಬಿತ್ತು.

ಈಗ ಕಾಣುವುದರಲ್ಲಿ ಬಹುಪಾಲು 1922ರಿಂದ 1931ರ ನಡುವೆ ಎದ್ದದ್ದು. ಹಳೆಯ ಮನೆಯೆಂದರೆ ಆರನೇ ನಂಬರಿನದು, 1588ರದು. 1944ರ ಬಾಂಬ್ ದಾಳಿಯಲ್ಲಿ ಬೀದಿಯ ಹೆಚ್ಚಿನ ಭಾಗ ಸುಟ್ಟುಹೋಯಿತು. 1954ರ ಹೊತ್ತಿಗೆ ಮುಂಗೋಡೆಗಳನ್ನು ಬಹುಮಟ್ಟಿಗೆ ಮೊದಲಿದ್ದಂತೆ ಮರಳಿ ಕಟ್ಟಿದರು. ಹಾಗಾಗಿ ಬರೀ ಚಿತ್ರ ನೋಡಿ ವಯಸ್ಸು ಹೇಳಹೊರಟರೆ ತಪ್ಪುತ್ತದೆ. ಇಡೀ ಬೀದಿಯ ಉದ್ದ ಸುಮಾರು 110 ಮೀಟರ್, ಅಷ್ಟೇ.

ಪ್ರ: ಇದನ್ನು ಕಟ್ಟಿಸಿದ್ದು ಒಬ್ಬ ಕಾಫಿ ವ್ಯಾಪಾರಿ ಎಂದು ಬರೆದಿದ್ದಿರಿ. ಕಾಫಿಯಿಂದ ಅಷ್ಟು ದುಡ್ಡು ಹೇಗೆ ಬಂತು?
(ಓದುಗರು, ಮಂಜೇಶ್ವರ)

ಉ: ಕಾಫಿಯಿಂದ ಕೆಫೀನ್ ತೆಗೆದು ಮಾರಿದ್ದರಿಂದ. ಲುಡ್ವಿಗ್ ರೋಸೆಲಿಯುಸ್ 1906ರಲ್ಲಿ ಕಾಫೆ ಹಾಗ್ ಕಂಪನಿ ತೆರೆದರು. ಹುರಿಯದ ಹಸಿ ಬೀಜವನ್ನು ಉಪ್ಪುನೀರು ಮತ್ತು ಹಬೆಯಿಂದ ಉಬ್ಬಿಸಿ, ಆಮೇಲೆ ಬೆಂಜೀನ್ ಎಂಬ ದ್ರಾವಕದಲ್ಲಿ ಕೆಫೀನನ್ನು ಕರಗಿಸಿ ತೆಗೆಯುವುದು ಅವರ ವಿಧಾನ. ಬೆಂಜೀನ್ ಕ್ಯಾನ್ಸರ್ ತರುವಂಥದ್ದೆಂದು ತಿಳಿದ ಮೇಲೆ ಅದನ್ನು ಬಿಟ್ಟರು. ಈಗ ಕೆಫೀನ್ ತೆಗೆಯಲು ಬೇರೆ ದಾರಿಗಳಿವೆ.

ಆರನೇ ನಂಬರಿನ ಮನೆಯನ್ನು ಅವರು 1902ರಲ್ಲೇ ಕೊಂಡಿದ್ದರು. ಅಕ್ಕಪಕ್ಕದ ನಿವೇಶನಗಳನ್ನು ಒಂದೊಂದಾಗಿ ಸೇರಿಸಿಕೊಂಡು ಕೆಲಸವನ್ನು ಎರಡು ಕಡೆಯವರಿಗೆ ಕೊಟ್ಟರು. ಆಲ್ಫ್ರೆಡ್ ರುಂಗೆ ಮತ್ತು ಎಡುವಾರ್ಡ್ ಸ್ಕಾಟ್‌ಲಾಂಡ್ ಜೋಡಿ ಸ್ಥಳೀಯ ಪದ್ಧತಿಯಂತೆ ಮಾಡಿನ ಇಳಿಜಾರಿನ ಕೆಳಗೆ ಮುಕ್ಕೋನೆ ಗೋಡೆಯಿರುವ ಮನೆಗಳನ್ನು ಕಟ್ಟಿತು. ಬೆರ್ನ್‌ಹಾರ್ಡ್ ಹೊಯೆಟ್ಗರ್ ಮೂಲತಃ ಶಿಲ್ಪಿ. ಅವರು ಕಟ್ಟಿದ ಮನೆಯಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದಿಲ್ಲ. ಅದು ಚಿತ್ರಗಾರ್ತಿ ಪೌಲಾ ಮೋಡರ್‌ಸೋನ್-ಬೆಕರ್ ಹೆಸರಿನ ಮ್ಯೂಸಿಯಂ, 1927ರದು. ಒಬ್ಬ ಚಿತ್ರಗಾರ್ತಿಗೆಂದೇ ಮೀಸಲಾದ ಜಗತ್ತಿನ ಮೊದಲ ಮ್ಯೂಸಿಯಂ ಅದು. ಬೀದಿಯಲ್ಲಿ ಒಂದೇ ಕಟ್ಟಡದ ಮುಂದೆ ನಿಲ್ಲಲು ಹೊತ್ತಿದ್ದರೆ ಇದರ ಮುಂದೆ ನಿಲ್ಲಬೇಕು.

ಪ್ರ: ನಾನು ಕೆಂಪುಕಲ್ಲಿನ ಕೆಲಸ ಮಾಡುವ ಮೇಸ್ತ್ರಿ. ಅಲ್ಲಿ ಕಲ್ಲು ಬಿಟ್ಟು ಇಟ್ಟಿಗೆಯೇ ಏಕೆ? ಚಿತ್ರದಲ್ಲಿ ಕೆಲವು ಇಟ್ಟಿಗೆ ಹೊರಗೆ ಚಾಚಿವೆ, ಕೆಲವು ಓರೆಯಾಗಿವೆ. ಗೋಡೆ ಹಾಗೆ ಹೇಗೆ ನಿಲ್ಲುತ್ತದೆ?
(ಓದುಗರು, ಬದಿಯಡ್ಕ)

ಉ: ಕಾರಣ ನೆಲದಲ್ಲಿದೆ. ನಮ್ಮಲ್ಲಿ ಅಂಗಳ ಅಗೆದರೆ ಮುರಕಲ್ಲು ಸಿಗುತ್ತದೆ. ಬೇಕಲದ ಕೋಟೆಯೂ ಅದರದೇ, ಹಿತ್ತಲ ಬಾವಿಕಟ್ಟೆಯೂ ಅದರದೇ. ಉತ್ತರ ಜರ್ಮನಿಯ ಬಯಲಲ್ಲಿ ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮರಳು ಮತ್ತು ಜೇಡಿಮಣ್ಣು ದಪ್ಪವಾಗಿ ಹರಡಿದೆ. ಕಡಿಯಲು ಬಂಡೆಯಿಲ್ಲ. (ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇದೇ ಬಯಲಿನ ಕಡಲಂಚಿನ ಹಳ್ಳಿ.) ಮರಳುಗಲ್ಲು ಬೇಕಾದರೆ ವೇಸರ್ ನದಿಯ ಮೇಲ್ಭಾಗದಿಂದ ದೋಣಿಯಲ್ಲಿ ತರಿಸಬೇಕಿತ್ತು. ಆದ್ದರಿಂದ ಕಲ್ಲನ್ನು ದೊಡ್ಡ ಕಟ್ಟಡಗಳ ಅಲಂಕಾರಕ್ಕೆ ಇಟ್ಟುಕೊಂಡು ಗೋಡೆಗೆ ಇಟ್ಟಿಗೆ ಬಳಸಿದರು. ಈ ಬೀದಿಯ ಹತ್ತಿರದ ಬ್ರೆಮೆನ್ ಪುರಭವನ ಇದಕ್ಕೆ ಒಳ್ಳೆಯ ಉದಾಹರಣೆ: 1405ರಿಂದ 1410ರ ನಡುವೆ ಕಟ್ಟಿದ ಇಟ್ಟಿಗೆಯ ಒಡಲಿಗೆ ಎರಡು ಶತಮಾನ ಕಳೆದ ಮೇಲೆ ಮರಳುಗಲ್ಲಿನ ಮುಖ ಕೂರಿಸಿದ್ದಾರೆ.

ಇನ್ನು ಅಳತೆ. ಆ ಕಾಲದ ಜರ್ಮನಿಯಲ್ಲಿ ಅಧಿಕೃತ ಇಟ್ಟಿಗೆ 25 ಸೆಂ.ಮೀ. ಉದ್ದ, 12 ಅಗಲ, 6.5 ದಪ್ಪ. ಗಾರೆಯ ಸಂದು 1.2 ಸೆಂ.ಮೀ. ಇಟ್ಟರೆ ಒಂದು ವರಸೆಗೆ, ಅಂದರೆ ಇಟ್ಟಿಗೆಯ ಒಂದು ಸಾಲಿಗೆ, 7.7 ಸೆಂ.ಮೀ. ಎತ್ತರ ಆಗುತ್ತದೆ, 13 ವರಸೆಗೆ ಒಂದು ಮೀಟರ್ ತುಂಬುತ್ತದೆ. ಕಿಟಕಿ, ಬಾಗಿಲು, ಮಾಡು ಎಲ್ಲದರ ಎತ್ತರವನ್ನೂ ಮೊದಲೇ ವರಸೆ ಎಣಿಸಿ ಗೊತ್ತುಮಾಡಿದರೆ ಇಟ್ಟಿಗೆ ಕಡಿಯುವ ಪ್ರಮೇಯ ಬರುವುದಿಲ್ಲ.

ಚಾಚಿದ ಇಟ್ಟಿಗೆಯ ಗುಟ್ಟು ಅದರ ಬಾಲದಲ್ಲಿದೆ. ಅಡ್ಡಲಾಗಿ ಇಟ್ಟ ಇಟ್ಟಿಗೆಯ ಮೂತಿ ಮೂರು ನಾಲ್ಕು ಸೆಂ.ಮೀ. ಹೊರಬಂದರೂ 20 ಸೆಂ.ಮೀ.ಗಿಂತ ಹೆಚ್ಚು ಗೋಡೆಯ ಒಳಗಿರುತ್ತದೆ, ಮೇಲಿನ ವರಸೆಯ ಭಾರ ಅದನ್ನು ಒತ್ತಿಹಿಡಿಯುತ್ತದೆ. ಓರೆಯಾಗಿ ಇಡುವಾಗಲೂ ನಿಯಮ ಅದೇ: ಹೊರಮುಖ ಎಷ್ಟು ತಿರುಗಿದರೂ ಹಿಂಬದಿ ಗೋಡೆಗೆ ಕಚ್ಚಿಕೊಂಡಿರಬೇಕು. 1920ರ ದಶಕದ ಜರ್ಮನ್ ವಾಸ್ತುಶಿಲ್ಪಿಗಳು ಇದನ್ನು ಬಹಳ ಪ್ರೀತಿಯಿಂದ ಮಾಡಿದರು. ಭಟ್ಟಿಯಲ್ಲಿ ಅತಿಯಾಗಿ ಬೆಂದು ಕಪ್ಪಾದ, ಸೊಟ್ಟಗಾದ ಇಟ್ಟಿಗೆಗಳನ್ನೂ ಎಸೆಯದೆ ಬಣ್ಣಕ್ಕಾಗಿ ಬಳಸಿದರು. ಹತ್ತಿರದ ಹ್ಯಾಂಬರ್ಗ್‌ನಲ್ಲಿ 1924ರಲ್ಲಿ ಮುಗಿದ ಚಿಲಿಹೌಸ್ ಎಂಬ ಒಂದೇ ಕಟ್ಟಡಕ್ಕೆ 48 ಲಕ್ಷ ಇಟ್ಟಿಗೆ ಹಿಡಿಯಿತು.

ತೊಂದರೆಯೂ ಅಲ್ಲೇ ಇದೆ. ಚಾಚಿದ ಪ್ರತಿ ಇಟ್ಟಿಗೆಯ ಬೆನ್ನ ಮೇಲೆ ಮಳೆನೀರು ನಿಲ್ಲುತ್ತದೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ನೀರು ಹೀರಿದ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಅದಕ್ಕಾಗಿ ಹೊರಗೋಡೆಗೆ ಕ್ಲಿಂಕರ್ ಎಂಬ ಜಾತಿ ಒಳ್ಳೆಯದು. 1,100 ಡಿಗ್ರಿಗೂ ಮೇಲೆ, ಮಣ್ಣಿನ ಕಣಗಳು ಕರಗಿ ಒಂದಕ್ಕೊಂದು ಅಂಟುವವರೆಗೆ ಸುಟ್ಟ ಇಟ್ಟಿಗೆ ಅದು. ಬೆರಳಲ್ಲಿ ತಟ್ಟಿದರೆ ಕಂಚಿನಂತೆ ಠಣ್ ಎನ್ನುತ್ತದೆ, ನೀರು ಹೀರುವುದು ತೀರ ಕಡಿಮೆ.

ಪ್ರ: ಅಲ್ಲಿ ಪಿಂಗಾಣಿಯ ಗಂಟೆಗಳಿವೆಯಂತೆ. ಹೊಡೆದರೆ ಒಡೆಯುವುದಿಲ್ಲವೆ?
(ಓದುಗರು, ಪೆರ್ಲ)

ಉ: ಮೆತ್ತಗೆ ಹೊಡೆದರೆ ಒಡೆಯುವುದಿಲ್ಲ. ಎರಡು ಮನೆಗಳ ಮುಕ್ಕೋನೆ ಗೋಡೆಗಳ ನಡುವೆ ಜರ್ಮನಿಯ ಮೈಸೆನ್ ಊರಿನ ಪಿಂಗಾಣಿಯ 30 ಗಂಟೆಗಳು ತೂಗುತ್ತವೆ, ಮೊದಲು ಕೂರಿಸಿದ್ದು 1934ರಲ್ಲಿ. ಅವು ನುಡಿಯುವಾಗ ಪಕ್ಕದ ಗೋಪುರದಲ್ಲಿ ಬಣ್ಣ ಬಳಿದ ಹತ್ತು ಮರದ ಕೆತ್ತನೆ ಫಲಕಗಳು ಒಂದೊಂದಾಗಿ ತಿರುಗಿ ಬರುತ್ತವೆ. ಅವುಗಳಲ್ಲಿರುವುದು ಸಾಗರ ದಾಟಿದವರು: ಕೊಲಂಬಸ್, ಲಿಂಡ್‌ಬರ್ಗ್, ಮತ್ತು 1928ರಲ್ಲಿ ‘ಬ್ರೆಮೆನ್’ ಎಂಬ ವಿಮಾನದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ಎಲ್ಲೂ ಇಳಿಯದೆ ಮೊದಲು ದಾಟಿದ ಮೂವರು.

ಪಿಂಗಾಣಿ ಗಂಟೆಗೆ ಶ್ರುತಿ ಕೂಡಿಸುವುದು ಕಷ್ಟದ ಕೆಲಸ. 1,400 ಡಿಗ್ರಿಯ ಹತ್ತಿರ ಸುಡುವಾಗ ಅದು ಆರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಅಚ್ಚಿನಲ್ಲಿ ಇದ್ದ ಅಳತೆಯನ್ನು ನಂಬಿ ಸ್ವರ ಹೇಳಲು ಆಗುವುದಿಲ್ಲ. ಹೆಪ್ಪುಗಟ್ಟುವ ಚಳಿಯ ದಿನ ಈ ಗಂಟೆಗಳನ್ನು ನುಡಿಸುವುದಿಲ್ಲ. ಹೋಗುವವರಿದ್ದರೆ ಚಳಿಗಾಲ ತಪ್ಪಿಸಿ, ಮಧ್ಯಾಹ್ನ 12ರ ನಂತರ ಗಂಟೆ ತುಂಬುವ ಹೊತ್ತಿಗೆ ಅಲ್ಲಿರಬೇಕು.

ಪ್ರ: ಹಿಟ್ಲರನಿಗೆ ಈ ಬೀದಿ ಹಿಡಿಸಲಿಲ್ಲ ಎಂದು ಓದಿದ್ದೇನೆ. ಹಾಗಾದರೆ ರೋಸೆಲಿಯುಸ್ ನಾಜಿಗಳ ವಿರೋಧಿಯೆ?
(ವಿದ್ಯಾರ್ಥಿನಿ, ಕಾಸರಗೋಡು)

ಉ: ಅಲ್ಲ. ಅವರು ಹಿಟ್ಲರನ ಅಭಿಮಾನಿ. ಉತ್ತರದ ಜನಾಂಗ ಶ್ರೇಷ್ಠವೆಂಬ ಆ ಕಾಲದ ಕೆಟ್ಟ ನಂಬಿಕೆ ಅವರಿಗಿತ್ತು, ಬೀದಿಯ ಯೋಜನೆಯಲ್ಲೂ ಅದು ಸೇರಿಕೊಂಡಿದೆ. ಹೊಯೆಟ್ಗರ್ ಶೈಲಿಯನ್ನು ನಾಜಿಗಳು ಟೀಕಿಸಿದಾಗ ಪ್ರವೇಶದ ಇಟ್ಟಿಗೆ ಶಿಲ್ಪವನ್ನು ತೆಗೆದು, 1936ರಲ್ಲಿ ‘ಬೆಳಕು ತರುವವನು’ ಎಂಬ ಚಿನ್ನದ ಮುಲಾಮಿನ ಫಲಕ ಹಾಕಿಸಿದರು. ಅದು ಹಿಟ್ಲರನ ಗೆಲುವಿನ ಸಂಕೇತವೆಂದೂ ವಿವರಿಸಿದರು. ಆದರೂ ಹಿಟ್ಲರ್ ಅದೇ ವರ್ಷ ನ್ಯೂರೆಂಬರ್ಗ್ ಭಾಷಣದಲ್ಲಿ ಬೀದಿಯ ಹೆಸರೆತ್ತಿ ಜರೆದ. 1937ರಲ್ಲಿ ಬೀದಿಗೆ ಸ್ಮಾರಕದ ರಕ್ಷಣೆ ಸಿಕ್ಕಿತು. ಕೆಟ್ಟುಹೋದ ಕಲೆಗೆ ಮಾದರಿಯಾಗಿ ಉಳಿಯಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಫಲಕ ಇವತ್ತಿಗೂ ಬಾಗಿಲ ಮೇಲಿದೆ. ಇಟ್ಟಿಗೆಯ ಕೆಲಸವನ್ನು ಮನಸಾರೆ ಮೆಚ್ಚಬಹುದು, ಈ ಚರಿತ್ರೆಯನ್ನು ಬಿಟ್ಟು ಹೇಳಬಾರದು.

ಪ್ರ: ಅಲ್ಲಿನ ಮಾಡಿನ ಮೇಲೂ ಮಂಗಳೂರು ಹಂಚೇ ಇದೆಯೆ?
(ಓದುಗರು, ಹೊಸಂಗಡಿ)

ಉ: ಇಲ್ಲ. ನಮ್ಮ ಹಂಚಿನ ಒಂದಕ್ಕೊಂದು ಕೊಂಡಿ ಸಿಕ್ಕಿಕೊಳ್ಳುವ ಬಗೆ ಫ್ರಾನ್ಸಿನ ಆಲ್ಸೇಸಿನ ಗಿಲಾರ್ಡೋನಿ ಸಹೋದರರದು, 1841ರ ಪೇಟೆಂಟ್. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದರು. ಉತ್ತರ ಜರ್ಮನಿಯ ಹಳೆಯ ಮಾಡುಗಳಿಗೆ ಅಲೆಯಂತೆ ಬಾಗಿದ ಹಂಚು ಹೊದಿಸುವುದು ರೂಢಿ.

ಪ್ರ: ನಮ್ಮದು ಮಣ್ಣುಗಾರೆಯಲ್ಲಿ ಕಟ್ಟಿದ ಹಳೆಯ ಕೆಂಪುಕಲ್ಲಿನ ಮನೆ. ಸಿಮೆಂಟ್ ಸಾರಣೆ ಮಾಡಿಸಿದ ಮೇಲೆ ಕೆಳಗಿನ ಎರಡು ಅಡಿ ಉಬ್ಬಿ ಉದುರುತ್ತಿದೆ. ಜರ್ಮನಿಯ ಹಳೆಯ ಗೋಡೆಗಳಿಗೆ ಏನು ಮಾಡುತ್ತಾರೆ?
(ಓದುಗರು, ನೀರ್ಚಾಲು)

ಉ: ಹಳೆಯ ಇಟ್ಟಿಗೆ ಗೋಡೆಗೆ ಅಲ್ಲಿ ಪಾಲಿಸುವ ನಿಯಮ ನಿಮಗೂ ಸಲ್ಲುತ್ತದೆ: ಗಾರೆ ಯಾವಾಗಲೂ ಕಲ್ಲಿಗಿಂತ ಮೆದುವಾಗಿರಬೇಕು. ನೆಲದ ತೇವ ಕಲ್ಲಿನೊಳಗೆ ಏರುತ್ತದೆ. ಮೊದಲು ಅದು ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ಒಳಗೆ ಸಿಕ್ಕಿಬಿದ್ದ ನೀರಿನ ಜತೆಗಿರುವ ಉಪ್ಪು ಸಾರಣೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತಿದೆ. ಮೇಲಿಂದ ಮತ್ತೆ ಸಿಮೆಂಟ್ ಬಳಿದರೆ ತೇವ ಇನ್ನಷ್ಟು ಎತ್ತರಕ್ಕೆ ಏರುತ್ತದೆ.

ಮೊದಲು ನೀರಿನ ಮೂಲ ನೋಡಿ. ಅಂಗಳಕ್ಕೆ ಮಣ್ಣು ತುಂಬಿ ಎತ್ತರವಾಗಿದೆಯೆ, ಮಾಡಿನ ನೀರು ಪಂಚಾಂಗದ ಬುಡಕ್ಕೇ ಬೀಳುತ್ತಿದೆಯೆ? ಅದನ್ನು ಸರಿಮಾಡದೆ ಗೋಡೆ ಮುಟ್ಟಬೇಡಿ. ಮಳೆಗಾಲ ಮುಗಿದ ಮೇಲೆ ತೇವದ ಗೆರೆಯಿಂದ ಅರ್ಧ ಮೀಟರ್ ಮೇಲಿನವರೆಗೆ ಸಾರಣೆ ಕೆತ್ತಿ ತೆಗೆಯಿರಿ. ಗೋಡೆ ಬೇಸಗೆಯುದ್ದಕ್ಕೂ ತೆರೆದಿರಲಿ. ಬಿಳಿ ಉಪ್ಪು ಮೂಡಿದಾಗಲೆಲ್ಲ ಒಣ ಬ್ರಶ್ಶಿನಲ್ಲಿ ಗುಡಿಸಿ ದೂರ ಹಾಕಿ. ತೊಳೆಯಬೇಡಿ, ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಹೋಗುತ್ತದೆ.

ಸಂದುಗಳನ್ನು ಕೈಯುಳಿಯಿಂದ 2ರಿಂದ 2.5 ಸೆಂ.ಮೀ. ಆಳಕ್ಕೆ ಕೆದಕಿ. ಮೆಶಿನ್ ಬೇಡ, ಅದು ಮೆದು ಕಲ್ಲಿನ ಅಂಚನ್ನು ಕತ್ತರಿಸುತ್ತದೆ. ಚೆನ್ನಾಗಿ ನೀರಲ್ಲಿ ನೆನೆದ ಚಿಪ್ಪಿನ ಸುಣ್ಣ ಒಂದು ಪಾಲು, ಹೊಳೆಯ ಮರಳು ಮೂರು ಪಾಲು ಸಾಕು. ಕಡಲ ಮರಳು ಹಾಕಿದರೆ ಉಪ್ಪನ್ನು ನೀವೇ ಸೇರಿಸಿದಂತೆ. ಸಂದಿಗೆ ನೀರು ಚಿಮುಕಿಸಿ, ಸೆಂಟಿಮೀಟರಿನಷ್ಟು ದಪ್ಪದ ಪದರಗಳಲ್ಲಿ ಒತ್ತಿ ತುಂಬಿ. ಒದ್ದೆ ಗೋಣಿ ಹೊದಿಸಿ ಒಂದು ವಾರ ನೆರಳಲ್ಲಿಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ. ಮೇಲೆ ಬಳಿಯುವುದಿದ್ದರೆ ಸುಣ್ಣದ ನೀರು ಬಳಿಯಿರಿ, ಪ್ಲಾಸ್ಟಿಕ್ ಪೈಂಟ್ ಬೇಡ.