ಹೊಸ ಬ್ಯಾಟರಿ ಹಾಕಿದ್ಮೇಲೂ ಗಾಡಿ ಆಫ್ ಆಗ್ತಿದೆ, ಯಾಕೆ?

ಪ್ರಶ್ನೆ: ಸರ್, ನಂದು ಹಳೇ ಪೆಟ್ರೋಲ್ ಕಾರು. ಎರಡು ತಿಂಗಳ ಹಿಂದೆ ಹೊಸ ಬ್ಯಾಟರಿ ಹಾಕಿಸ್ದೆ. ಈಗ ರಾತ್ರಿ ಹೆಡ್‌ಲೈಟು, ಎಸಿ ಆನ್ ಇಟ್ಕೊಂಡು ಸಿಗ್ನಲ್‌ನಲ್ಲಿ ನಿಂತ್ರೆ ಲೈಟ್ ಮಂಕಾಗಿ ಇಂಜಿನ್ ಆಫ್ ಆಗತ್ತೆ, ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬರೀ ಟಕ್ ಟಕ್. ಬ್ಯಾಟರಿನೇ ಸರಿ ಇಲ್ವಾ? ಇಂಜಿನ್ ಓಡ್ತಿರುವಾಗ್ಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಆಫ್ ಆಗ್ಲಿಲ್ಲ ಅಂದ್ರೆ ಡೈನಮೋ ಓಕೆ ಅಂತ ಒಬ್ರು ಹೇಳಿದ್ರು.

ಉತ್ತರ: ಮೊದ್ಲು ಆ ಟರ್ಮಿನಲ್ ಬಿಚ್ಚೋ ಐಡಿಯಾ ಬಿಟ್ಬಿಡಿ. ಕಾರ್ಬ್ಯುರೇಟರ್ ಕಾಲದ ಟ್ರಿಕ್ ಅದು, ಈಗಿನ ಗಾಡೀಲಿ ಹಂಗೆ ಮಾಡಿದ್ರೆ ಓಲ್ಟೇಜ್ ದಿಢೀರ್ ಅಂತ ಏರಿ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸುಟ್ಟೋಗ್ಬಹುದು.

ಬ್ಯಾಟರಿ ಅಂದ್ರೆ ತೊಟ್ಟಿ ಇದ್ದಂಗೆ, ತುಂಬಿಸೋದು ಡೈನಮೋ. ನೀವು ತೊಟ್ಟಿ ಬದಲಾಯಿಸಿದ್ರಿ, ನಲ್ಲೀಲಿ ನೀರು ಬರ್ತಿದ್ಯಾ ಅಂತ ನೋಡ್ಲಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳಿ. ರಾತ್ರಿಯೆಲ್ಲಾ ನಿಂತ ಗಾಡೀಲಿ 12.6 ಓಲ್ಟ್ ಇದ್ರೆ ಫುಲ್ ಚಾರ್ಜ್, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ. ಸ್ಟಾರ್ಟ್ ಮಾಡಿ, ಹೆಡ್‌ಲೈಟು, ಎಸಿ ಎಲ್ಲಾ ಹಾಕಿ ಸ್ವಲ್ಪ ರೇಸ್ ಕೊಟ್ಟು ನೋಡಿ, ಹಳೇ ಗಾಡೀಲಿ 13.8ರಿಂದ 14.4ರ ಒಳಗೆ ಇರ್ಬೇಕು. 13 ದಾಟ್ತಿಲ್ಲ ಅಂದ್ರೆ ಚಾರ್ಜ್ ಆಗ್ತಿಲ್ಲ ಅಂತಾನೇ ಅರ್ಥ.

ಹಂಗಂತ ತಕ್ಷಣ ಡೈನಮೋ ಬಿಚ್ಚಿಸ್ಬೇಡಿ. ಬೆಲ್ಟ್ ಲೂಸಾಗಿ ಜಾರ್ತಿದ್ಯಾ ನೋಡಿ, ಆಮೇಲೆ ಇಂಜಿನ್ ಓಡ್ತಿರುವಾಗ್ಲೇ ಲೈಟು, ಎಸಿ ಎಲ್ಲಾ ಲೋಡ್ ಆನ್ ಇಟ್ಟು ಮೀಟರ್ ವೈರಿನ ಒಂದು ಮೊನೆ ಡೈನಮೋ ಹಿಂದಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಇಡಿ (ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ). 0.2 ಓಲ್ಟ್ ಬಂದ್ರೆ ಪರವಾಗಿಲ್ಲ, 0.5 ಮೇಲೆ ಹೋದ್ರೆ ದಾರೀಲೇ ಓಲ್ಟೇಜ್ ಬಿದ್ದುಹೋಗ್ತಿದೆ. ಮೈನಸ್ ಕಂಬದಿಂದ ಇಂಜಿನ್ ಮೈಗೂ ಇದೇ ಥರ ನೋಡಿ, ನನ್ನ ಅನುಭವದಲ್ಲಿ ಜನ ಮರೆಯೋದು ಈ ಅರ್ಥ್ ಕಡೇನೇ. ಒಂದ್ಸಲ ನನ್ಹತ್ರ ಬಂದಿದ್ದ ಗಾಡೀಲಿ ಡೈನಮೋ ಎರಡು ಸಲ ರಿಪೇರಿ ಆಗಿತ್ತು, ಡೈನಮೋ ಹತ್ರ 14.3, ಬ್ಯಾಟರಿ ಹತ್ರ 12.4! ಅರ್ಥ್ ಕೇಬಲ್ ಹೊರಗಿಂದ ಚೆನ್ನಾಗೇ ಇತ್ತು, ಕವರ್ ಸೀಳಿದ್ರೆ ಒಳಗೆ ತಾಮ್ರ ಎಲ್ಲಾ ಹಸಿರು ಪುಡಿ.

ಕೇಬಲ್ ಎಲ್ಲಾ ಸರಿ ಇದ್ರೆ ಆಗ ಡೈನಮೋ ಮೇಲೆ ಡೌಟ್ ಪಡಿ, ಕಾರ್ಬನ್ ಬ್ರಷ್ ಸವೆದಿರತ್ತೆ ಇಲ್ಲಾ ಓಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಹೋಗಿರತ್ತೆ. ಡೈನಮೋ ಒಳಗಿನ ಡಯೋಡ್ (ಕರೆಂಟ್ ವಾಪಸ್ ಹೋಗದಂಗೆ ತಡೆಯೋದು) ಲೀಕ್ ಆಗಿದ್ರೆ ನಿಂತ ಗಾಡೀಲೂ ರಾತ್ರಿಯೆಲ್ಲಾ ಬ್ಯಾಟರಿ ಖಾಲಿ ಆಗ್ತಿರತ್ತೆ.

ಆಫ್ ಆಗೋದು ಯಾಕೆ ಅಂದ್ರೆ ಐಡಲ್‌ನಲ್ಲಿ ಡೈನಮೋ ನಿಧಾನ ತಿರುಗತ್ತೆ, ಲೋಡ್ ಜಾಸ್ತಿ, ಓಲ್ಟೇಜ್ ಬಿದ್ದ ಹಾಗೆ ಫ್ಯೂಯಲ್ ಪಂಪು, ಇಗ್ನಿಷನ್ ಕಾಯಿಲು ಎರಡೂ ಸೊರಗತ್ವೆ. 14 ಓಲ್ಟ್ ಇದ್ದೂ ಆಫ್ ಆಗ್ತಿದ್ರೆ ಮಾತ್ರ ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಕಾರ್ಬನ್ ಕ್ಲೀನ್ ಮಾಡ್ಸಿ. ಮತ್ತೆ ಆ ಹೊಸ ಬ್ಯಾಟರೀನ ಅರ್ಧಂಬರ್ಧ ಚಾರ್ಜಲ್ಲಿ ಹಂಗೇ ಓಡಿಸ್ಬೇಡಿ, ಸಲ್ಫೇಟ್ ಕಟ್ಟಿ ಹಾಳಾಗತ್ತೆ, ಹೊರಗಡೆ ಚಾರ್ಜರ್‌ಗೆ ಹಾಕಿ ಒಂದ್ಸಲ ಫುಲ್ ಮಾಡ್ಸಿ.