ಐಸ್ ಮೇಕರ್ ಪೈಪು ಬದಲಿಸುವ ಮುನ್ನ ಟ್ಯಾಂಕಿನ ಎತ್ತರ ನೋಡಿ

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಅಲ್ಲಿನ ದೊಡ್ಡ ಫ್ರಿಜ್‌ನಲ್ಲಿ ಐಸ್ ಮೇಕರ್ ಇದ್ದು, ಸಿಂಕಿನ ಕೆಳಗಿನಿಂದ ಬಿಳಿ ಪ್ಲಾಸ್ಟಿಕ್ ಪೈಪು ಎಳೆದು ನೀರು ಕೊಟ್ಟಿದ್ದಾರೆ. ಮಳೆ ಶುರುವಾದಾಗಿನಿಂದ ಫ್ರಿಜ್ ಕೆಳಗೆ, ಹಿಂದೆ ನೆಲ ಒದ್ದೆಯಾಗುತ್ತಿದೆ. ಪ್ಲಂಬರ್ ಬಂದು ಜಾಯಿಂಟಿಗೆ ಎಂ-ಸೀಲ್ ಮೆತ್ತಿ ಹೋದರು, ಮತ್ತೆ ಸೋರಿತು. ಐಸ್ ಕೂಡ ಈಗ ಸಣ್ಣದಾಗಿ, ನಡುವೆ ಟೊಳ್ಳಾಗಿ ಬೀಳುತ್ತದೆ. ನೀರು ತಾರಸಿ ಮೇಲಿನ ಟ್ಯಾಂಕಿನದು. ಇಲಿ ಕಾಟವೂ ಉಂಟು. ತಾಮ್ರದ ಪೈಪು ಹಾಕಿಸಿದರೆ ಸರಿಹೋಗುತ್ತದೆಯೇ ಸರ್?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ನೆಲ ಒದ್ದೆಯಾಗುವುದು ಒಂದು, ಐಸ್ ಟೊಳ್ಳಾಗುವುದು ಇನ್ನೊಂದು. ತಾಮ್ರದ ಪೈಪಿಗೆ ದುಡ್ಡು ಹಾಕಿದರೆ ಮೊದಲನೆಯದು ನಿಲ್ಲಬಹುದು. ಎರಡನೆಯದು ಅದರಿಂದ ನಿಲ್ಲುವ ಸಾಧ್ಯತೆ ಕಡಿಮೆ.

ಮೊದಲು ನೆಲದ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಸಿಂಕಿನ ಕೆಳಗಿನ ವಾಲ್ವ್ ಮುಚ್ಚಿ, ಐಸ್ ಮೇಕರ್ ಆಫ್ ಮಾಡಿ, ನೆಲ ಒರೆಸಿ ಒಂದು ದಿನ ಬಿಡಿ. ಆಮೇಲೂ ನೀರು ಕಂಡರೆ ಪೈಪಿನದು ತಪ್ಪಲ್ಲ. ಫ್ರೀಜರ್‌ನ ಮಂಜು ಕರಗಿದ ನೀರು ಹೊರಹೋಗುವ ಸಣ್ಣ ರಂಧ್ರ ಕಟ್ಟಿಕೊಂಡಿರಬಹುದು, ಇಲ್ಲವೇ ಬಾಗಿಲಿನ ರಬ್ಬರ್ ಸಡಿಲವಾಗಿ ತೇವದ ಗಾಳಿ ಒಳನುಗ್ಗುತ್ತಿರಬಹುದು. ನಮ್ಮ ಜೂನ್-ಜುಲೈ ಗಾಳಿಯ ತೇವಕ್ಕೆ ಒಳಗೆ ಮಂಜು ಹೆಚ್ಚು ಕಟ್ಟುತ್ತದೆ, ಕರಗುವ ನೀರೂ ಹೆಚ್ಚು. ಮಳೆ ಶುರುವಾದ ಮೇಲೆ ಒದ್ದೆ ಕಂಡಿತು ಎಂದು ನೀವು ಬರೆದಿರುವುದರಿಂದ ಈ ಪರೀಕ್ಷೆಯನ್ನು ಬಿಡಲೇಬೇಡಿ.

ವಾಲ್ವ್ ಮುಚ್ಚಿದಾಗ ನೆಲ ಒಣಗಿಯೇ ಇದ್ದರೆ ಸೋರಿಕೆ ಪೈಪಿನದೇ. ಫ್ರಿಜ್‌ನ ಪ್ಲಗ್ ತೆಗೆದು, ನಿಧಾನವಾಗಿ ಮುಂದಕ್ಕೆ ಎಳೆದು, ವಾಲ್ವ್ ಮತ್ತೆ ತೆರೆದು ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಸುತ್ತಿ. ಕಣ್ಣಿಗೆ ಕಾಣದ ತೇವವನ್ನೂ ಅದು ತೋರಿಸಿಕೊಡುತ್ತದೆ. ಸಾಮಾನ್ಯವಾಗಿ ಸೋರುವುದು ಪೈಪು ಕವಲೊಡೆಯುವ ಟೀ ಜಾಯಿಂಟಿನಲ್ಲಿ, ಫ್ರಿಜ್ ಹಿಂದಿನ ನಟ್‌ನಲ್ಲಿ, ಅಥವಾ ಚಕ್ರದ ಕೆಳಗೆ ಸಿಕ್ಕಿ ಚಪ್ಪಟೆಯಾದ ಜಾಗದಲ್ಲಿ. ಇಲಿ ಕಡಿದಿದ್ದರೆ ಹಲ್ಲಿನ ಗುರುತು ಕಾಣುತ್ತದೆ.

ಇನ್ನು ಎಂ-ಸೀಲ್. ಈ ಪೈಪಿನಲ್ಲಿ ದಿನದ 24 ಗಂಟೆಯೂ ಒತ್ತಡದ ನೀರು ನಿಂತಿರುತ್ತದೆ, ಐಸ್ ಆಗುತ್ತಿರಲಿ ಬಿಡಲಿ. ನುಣುಪಾದ ಪ್ಲಾಸ್ಟಿಕ್ಕಿಗೆ ಹೊರಗಿನಿಂದ ಮೆತ್ತಿದ ಯಾವ ಅಂಟೂ ಅದನ್ನು ಬಹಳ ದಿನ ತಡೆಯುವುದಿಲ್ಲ. ಹಳೆಯ ಪೈಪು ಗಟ್ಟಿಯಾಗಿ ಹಳದಿ ತಿರುಗಿದ್ದರೆ ತುಂಡು ಸೇರಿಸುವ ಗೋಜಿಗೂ ಹೋಗಬೇಡಿ, ಪೂರ್ತಿ ಬದಲಿಸಿ. ಪೈಪು ಇನ್ನೂ ಮೆತ್ತಗಿದ್ದು ಒಂದೇ ಕಡೆ ತೂತಾಗಿದ್ದರೆ ಮಾತ್ರ ಆ ಭಾಗ ಕತ್ತರಿಸಿ ಒಂದು ಜಾಯಿನರ್ ಹಾಕಬಹುದು.

ಬೇಕಾದ ಸಾಮಾನಿಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಫ್ರಿಜ್‌ನ ಪೈಪಿನ ಹೊರ ಅಳತೆ ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6.35 ಮಿ.ಮೀ. ವಾಟರ್ ಪ್ಯೂರಿಫೈಯರ್ ರಿಪೇರಿ ಮಾಡುವ ಅಂಗಡಿಯಲ್ಲಿ ‘ಆರ್‌ಒ ಪೈಪ್’ ಎಂದು ಕೇಳಿದರೆ ಕೊಡುವುದೂ ಇದೇ ಅಳತೆಯದು. ಕುಡಿಯುವ ನೀರಿಗೆ ಯೋಗ್ಯವೆಂದು ಮುದ್ರೆಯಿರುವುದನ್ನೇ ಕೊಳ್ಳಿ. ಗೀಸರಿಗೆ ಹಾಕುವ ಅರ್ಧ ಇಂಚಿನ ಹೋಸ್ ಇಲ್ಲಿ ಕೂರುವುದಿಲ್ಲ. ವಿದೇಶದಿಂದ ತಂದ ಫ್ರಿಜ್ ಆಗಿದ್ದರೆ ಥ್ರೆಡ್ಡಿನ ಲೆಕ್ಕವೇ ಬೇರೆ ಇರಬಹುದು. ಹಳೆಯ ನಟ್ ಬಿಚ್ಚಿ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ತಾಮ್ರಕ್ಕೆ ನಾನು ಸುಲಭವಾಗಿ ಒಪ್ಪುವುದಿಲ್ಲ. ಇಲಿ ಅದನ್ನು ಕಡಿಯುವುದಿಲ್ಲ, ನಿಜ. ಆದರೆ ಫ್ರಿಜ್ ಹಿಂದೆ ತಳ್ಳುವಾಗ ಒಮ್ಮೆ ಮಡಿಚಿದರೆ ಅಲ್ಲೇ ಬಿರುಕು. ನೀರಿಗೆ ಹುಳಿಗುಣವಿದ್ದರೆ ತಾಮ್ರ ಒಳಗಿನಿಂದ ಸವೆಯುತ್ತದೆ. ಹಿತ್ತಾಳೆ ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ಹಸಿರು-ನೀಲಿ ಕಲೆ ಕಾಣುತ್ತಿದ್ದರೆ ತಾಮ್ರದ ಆಸೆ ಬಿಡಿ. ಇಲಿಯಿರುವ ಮನೆಗೆ ಸ್ಟೀಲ್ ತಂತಿ ಹೆಣೆದ ಕಾಲು ಇಂಚಿನ ಹೋಸ್ ನನ್ನ ಮೊದಲ ಆಯ್ಕೆ. ಅದು ಸಿಗದಿದ್ದರೆ ಪ್ಲಾಸ್ಟಿಕ್ ಪೈಪನ್ನೇ ಗೋಡೆಯುದ್ದಕ್ಕೂ ಒಂದು ಜಿಐ ಪೈಪಿನೊಳಗೆ ತೂರಿಸಿ ತನ್ನಿ.

ಕೆಲಸ ಮಾಡುವಾಗ ಜಾಗ್ರತೆ ಬೇಕಾಗಿರುವುದು ಪೈಪು ಕತ್ತರಿಸುವಲ್ಲಿ. ಬ್ಲೇಡಿನಲ್ಲಿ ಅಥವಾ ಪೈಪ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ. ಓರೆಯಾದರೆ ಒಳಗಿನ ಓ-ರಿಂಗ್ ಮೇಲೆ ತುದಿ ಸರಿಯಾಗಿ ಕೂರುವುದಿಲ್ಲ, ಹೊಸ ಪೈಪೂ ಸೋರುತ್ತದೆ. ಒತ್ತಿ ಕೂರಿಸುವ ಕನೆಕ್ಟರ್ ಆದರೆ ಪೈಪಿನ ಮೇಲೆ ಒಂದೂವರೆ ಸೆಂಟಿಮೀಟರಿಗೆ ಪೆನ್ನಿನಲ್ಲಿ ಗುರುತು ಹಾಕಿ, ಆ ಗುರುತಿನ ಆಸುಪಾಸಿಗೆ ಹೋಗುವಷ್ಟು ಒತ್ತಿ, ಆಮೇಲೆ ಹಿಂದಕ್ಕೆ ಎಳೆದು ನೋಡಿ. ಬಿಡಿಸಬೇಕಾದರೆ ಸುತ್ತಲಿನ ಸಣ್ಣ ಬಳೆಯನ್ನು ಒಳಕ್ಕೆ ಒತ್ತಿ ಹಿಡಿದು ಎಳೆಯಬೇಕು. ಬಲ ಹಾಕಿ ಕಿತ್ತರೆ ಕನೆಕ್ಟರ್ ಹಾಳು. ನಟ್ ಮತ್ತು ಹಿತ್ತಾಳೆ ಉಂಗುರದ ಜಾಯಿಂಟಾದರೆ ಕೈಯಲ್ಲಿ ಬಿಗಿಮಾಡಿ, ಸ್ಪ್ಯಾನರಿನಲ್ಲಿ ಸ್ವಲ್ಪವೇ ತಿರುಗಿಸಿ. ಅಲ್ಲಿಗೆ ಟೆಫ್ಲಾನ್ ಟೇಪ್ ಬೇಡ. ಅದನ್ನು ಸುತ್ತಬೇಕಾದದ್ದು ಗೋಡೆ ಕಡೆಯ ಥ್ರೆಡ್ಡಿಗೆ. ಕೆಲವು ಕಿಟ್ಟುಗಳಲ್ಲಿ ನೀರಿನ ಪೈಪಿಗೆ ಸೂಜಿ ಚುಚ್ಚಿ ಕೂರಿಸುವ ಸ್ಯಾಡಲ್ ವಾಲ್ವ್ ಬರುತ್ತದೆ. ಅದನ್ನು ಪಕ್ಕಕ್ಕಿಡಿ. ಆ ಸೂಜಿ ರಂಧ್ರ ಕೆಸರಿನಲ್ಲಿ ಕಟ್ಟಿಕೊಳ್ಳುತ್ತದೆ, ಜೊತೆಗೆ ಸೋರುತ್ತದೆ. ಟೀ ಜಾಯಿಂಟ್ ಹಾಕಿ, ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಕೂರಿಸಿ. ಹಿಂದೆ ಎರಡು ಮೀಟರಿನಷ್ಟು ಪೈಪನ್ನು ದೊಡ್ಡ ಸುರುಳಿಯಾಗಿ ಬಿಟ್ಟರೆ ಮುಂದೆ ಗುಡಿಸಲು ಫ್ರಿಜ್ ಎಳೆಯುವಾಗ ಜಾಯಿಂಟ್ ಜಗ್ಗುವುದಿಲ್ಲ.

ಫ್ರಿಜ್‌ಗೆ ಜೋಡಿಸುವ ಮೊದಲು ಪೈಪಿನ ತುದಿ ಬಕೆಟ್ಟಿಗಿಟ್ಟು ಎರಡು-ಮೂರು ಲೀಟರ್ ನೀರು ಹರಿಸಿ. ಪೈಪಿನೊಳಗಿನ ಪ್ಲಾಸ್ಟಿಕ್ ಚೂರು, ಮಣ್ಣು ಅಲ್ಲೇ ಹೋಗಲಿ.

ಈಗ ಟೊಳ್ಳು ಐಸ್‌ಗೆ ಬರೋಣ. ಹಲವು ಐಸ್ ಮೇಕರ್‌ಗಳು ನೀರನ್ನು ಅಳೆಯುವುದಿಲ್ಲ, ಸಮಯವನ್ನು ಅಳೆಯುತ್ತವೆ. ಫ್ರಿಜ್ ಹಿಂದಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ವಾಲ್ವ್) ಏಳೆಂಟು ಸೆಕೆಂಡು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಬಂದಷ್ಟೇ ನೀರು. ಒತ್ತಡ ಕಡಿಮೆಯಾದರೆ ಅಚ್ಚು ತುಂಬುವುದಿಲ್ಲ. ಹನಿಹನಿಯಾಗಿ ಬರುವ ನೀರು ತುಂಬುವ ನಳಿಕೆಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುವುದೂ ಉಂಟು. ಆ ವಾಲ್ವ್ ಬಿಗಿಯಾಗಿ ಮುಚ್ಚಲಿಕ್ಕೂ ನೀರಿನ ಒತ್ತಡವೇ ನೆರವಾಗುತ್ತದೆ. ಒತ್ತಡ ಸಾಲದಿದ್ದರೆ ಅದು ಪೂರ್ತಿ ಮುಚ್ಚದೆ ಒಳಗೇ ತೊಟ್ಟಿಕ್ಕುತ್ತದೆ. ಜಾಯಿಂಟ್‌ಗಳೆಲ್ಲ ಒಣಗಿದ್ದೂ ವಾಲ್ವ್ ತೆರೆದಾಗ ಮಾತ್ರ ಒದ್ದೆ ಕಂಡರೆ ಇದನ್ನೂ ಅನುಮಾನಿಸಿ.

ಫ್ರಿಜ್ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಕನಿಷ್ಠ 20ರಿಂದ 30 ಪಿಎಸ್‌ಐ (ನೀರಿನ ಒತ್ತಡದ ಅಳತೆ), ಹೆಚ್ಚೆಂದರೆ 120 ಆಸುಪಾಸು. ಸರಿಯಾದ ಅಂಕಿ ನಿಮ್ಮ ಮ್ಯಾನ್ಯುಯಲ್‌ನಲ್ಲಿದೆ. ನೀರಿನ ಪ್ರತಿ 23 ಅಡಿ ಎತ್ತರಕ್ಕೆ ಸಿಗುವುದು ಸುಮಾರು 10 ಪಿಎಸ್‌ಐ. ತಾರಸಿ ಟ್ಯಾಂಕು ಫ್ರಿಜ್‌ಗಿಂತ 12 ಅಡಿ ಮೇಲಿದ್ದರೆ ಐದರ ಆಸುಪಾಸು. ಚಿನ್ನದ ಪೈಪು ಹಾಕಿದರೂ ಅಷ್ಟೇ!

ಕೊಡಗಿನ ಇಳಿಜಾರು ಇಲ್ಲಿ ಕೈಹಿಡಿಯಬಹುದು. ತೋಟದ ಮೇಲ್ಭಾಗದಲ್ಲಿ, ಬಾಣೆಯಲ್ಲಿ (ಗದ್ದೆಯ ಮೇಲಿನ ಎತ್ತರದ ಜಾಗದಲ್ಲಿ) ಒರತೆ ನೀರು ತುಂಬುವ ಟ್ಯಾಂಕಿದ್ದು ಅದು ಮನೆಗಿಂತ 70 ಅಡಿ ಎತ್ತರದಲ್ಲಿದ್ದರೆ 30 ಪಿಎಸ್‌ಐ ಕರೆಂಟಿಲ್ಲದೆಯೇ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಪಾಡು ಗೊತ್ತೇ ಇದೆಯಲ್ಲ, ಪಂಪಿಗಿಂತ ಈ ಲೈನು ನಂಬಿಕಸ್ಥ. ಇಲ್ಲಿ ಲೆಕ್ಕಕ್ಕೆ ಬರುವುದು ನೇರ ಎತ್ತರ, ಪೈಪಿನ ಉದ್ದವಲ್ಲ. ಟ್ಯಾಂಕು 280 ಅಡಿಗಿಂತ ಮೇಲಿದ್ದರೆ ಮಾತ್ರ ಒತ್ತಡ ತಗ್ಗಿಸುವ ವಾಲ್ವ್ ಬೇಕಾಗುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಪಂಪಿನ ಲೈನಿಗೆ ಇದನ್ನು ಸೇರಿಸಬೇಡಿ. ಆ ಒತ್ತಡದ ಹೊಡೆತ ಈ ಸಣ್ಣ ಪೈಪಿಗೆ ತಡೆಯುವಂಥದ್ದಲ್ಲ.

ಮೇಲೆ ಟ್ಯಾಂಕಿಲ್ಲದವರು 2 ಬಾರ್ (ಸುಮಾರು 29 ಪಿಎಸ್‌ಐ) ಅಥವಾ ಹೆಚ್ಚಿನ ಪ್ರೆಶರ್ ಪಂಪು ಹಾಕಿಸಿಕೊಳ್ಳಲಿ. ಕೊಳ್ಳುವ ಮುನ್ನ ನಲ್ಲಿಗೆ ಗೇಜ್ ಹಾಕಿ ಈಗಿನ ಒತ್ತಡ ಅಳೆಯಲು ಪ್ಲಂಬರಿಗೆ ಹೇಳಿ, ಐದು ನಿಮಿಷದ ಕೆಲಸ.

ಪ್ರಶ್ನೆ: ಮಡಿಕೇರಿಯಲ್ಲಿ ಫ್ಲ್ಯಾಟ್. ಗೋಡೆಯ ಆರ್‌ಒ ಪ್ಯೂರಿಫೈಯರ್‌ನಿಂದಲೇ ಐಸ್ ಮೇಕರ್‌ಗೆ ಪೈಪು ಎಳೆಯಬಹುದೇ?

ಉತ್ತರ: ನೇರವಾಗಿ ಆಗದು. ನಮ್ಮಲ್ಲಿ ಗೋಡೆಗೆ ತೂಗುಹಾಕುವ ಪ್ಯೂರಿಫೈಯರ್‌ನ ಟ್ಯಾಂಕಿನಲ್ಲಿ ಒತ್ತಡವೇ ಇರುವುದಿಲ್ಲ, ನೀರು ತನ್ನ ಭಾರಕ್ಕೆ ನಲ್ಲಿಯಿಂದ ಇಳಿಯುತ್ತದೆ. ಆ ಟ್ಯಾಂಕಿನ ನಂತರ ಒಂದು ಸಣ್ಣ ಬೂಸ್ಟರ್ ಪಂಪು, ಅದರ ಮುಂದೆ ಒತ್ತಡ ಬಂದೊಡನೆ ಪಂಪನ್ನು ನಿಲ್ಲಿಸುವ ಹೈ ಪ್ರೆಶರ್ ಸ್ವಿಚ್ ಹಾಕಿದರೆ ಆಗುತ್ತದೆ. ಸ್ವಿಚ್ ಇಲ್ಲದೆ ಪಂಪು ಮಾತ್ರ ಹಾಕುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ದಿನಕ್ಕೆ ಒಂದು ತಟ್ಟೆ ಐಸ್ ಸಾಕೆನ್ನುವ ಮನೆಗೆ ಇಷ್ಟೆಲ್ಲ ಬೇಕೇ ಎಂದೂ ಯೋಚಿಸಿ. ಕೈಯಿಂದ ನೀರು ತುಂಬಿಸುವ ಐಸ್ ಮೇಕರ್ ಇರುವ ಫ್ರಿಜ್‌ಗಳೂ ಇವೆ.

ಪ್ರಶ್ನೆ: ಸೋಮವಾರಪೇಟೆ ಕಡೆಯ ತೋಟದ ಮನೆ. ತೋಡಿನ ನೀರು. ಮಳೆಗಾಲದಲ್ಲಿ ಐಸ್ ಕೆಂಪಗೆ, ಮಣ್ಣಿನ ವಾಸನೆ. ಒಮ್ಮೊಮ್ಮೆ ಐಸ್ ಬೀಳುವುದೇ ಇಲ್ಲ. ಪೈಪು ಬದಲಿಸಲೇ?

ಉತ್ತರ: ಪೈಪಿಗಿಂತ ಮೊದಲು ಫ್ರಿಜ್ ಹಿಂದಿನ ವಾಲ್ವಿನ ಬಾಯಿ ನೋಡಿ. ಪ್ಲಗ್ ತೆಗೆದು, ನೀರು ಮುಚ್ಚಿ, ನಟ್ ಬಿಚ್ಚಿದರೆ ಸಣ್ಣ ಜಾಲರಿ ಕಾಣುತ್ತದೆ. ಕೆಂಪು ಕೆಸರು ಅಲ್ಲೇ ಕೂತಿರುತ್ತದೆ. ಮೆತ್ತನೆ ಬ್ರಷ್‌ನಲ್ಲಿ ತೊಳೆಯಿರಿ, ಜಾಲರಿ ಕಿತ್ತೆಸೆಯಬೇಡಿ. ಪೈಪು ಪಾರದರ್ಶಕವಾಗಿದ್ದು ಒಳಗೆ ಕೆಸರಿನ ಪದರ ಕಂಡರೆ ಬದಲಿಸಿಬಿಡಿ. ಲೈನಿನ ಶುರುವಿಗೆ 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್ ಕೂರಿಸಿ, ಮಳೆಗಾಲದಲ್ಲಿ ಅದರ ಕ್ಯಾಂಡಲ್ ಬೇಗ ಕಟ್ಟಿಕೊಳ್ಳುವುದರಿಂದ ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಆದರೆ ನೀರು ತಿಳಿಯಾದ ಮಾತ್ರಕ್ಕೆ ಕುಡಿಯಲು ಯೋಗ್ಯವಾಯಿತು ಎನ್ನಬೇಡಿ. ಹೆಪ್ಪುಗಟ್ಟಿದರೆ ರೋಗಾಣುಗಳು ಸಾಯುವುದಿಲ್ಲ, ಫ್ರಿಜ್ ಒಳಗಿನ ಫಿಲ್ಟರ್ ಇರುವುದೂ ಹೆಚ್ಚಾಗಿ ರುಚಿ-ವಾಸನೆಗೆ. ಮನೆಯಲ್ಲಿ ಕುಡಿಯುವ ನೀರು ಕಾಯಿಸಿಯೇ ಕುಡಿಯುತ್ತೀರಲ್ಲ? ಹಾಗಾದರೆ ಅದೇ ತೋಡಿನ ನೀರಿನ ಐಸನ್ನು ನೆಂಟರ ಲೋಟಕ್ಕೆ ಹಾಕುವುದು ಯಾವ ನ್ಯಾಯ? ಸೆಡಿಮೆಂಟ್ ಫಿಲ್ಟರಿನ ನಂತರ ರೋಗಾಣು ಕೊಲ್ಲುವ ಯುವಿ ಬೆಳಕಿನ ಘಟಕ ಹಾಕಿಸುವವರೆಗೆ ಲೈನಿನ ವಾಲ್ವ್ ಮುಚ್ಚಿಡಿ, ಕಾಯಿಸಿ ಆರಿಸಿದ ನೀರನ್ನು ಟ್ರೇಗೆ ಹಾಕಿ ಐಸ್ ಮಾಡಿಕೊಳ್ಳಿ. ಲೈನ್ ಮತ್ತೆ ತೆರೆದ ಮೇಲೆ ಮೊದಲ ಐಸ್ ಬೀಳಲು ಒಂದು ದಿನ ಹಿಡಿಯಬಹುದು. ಮೊದಲ ಎರಡು-ಮೂರು ಸರದಿಯ ಐಸನ್ನು ಸಿಂಕಿಗೆ ಸುರಿಯಿರಿ.