ಪಿ53 ಒಳ್ಳೆಯದು ಅಂತಾರೆ, ಜಾಸ್ತಿ ಇದ್ದರೆ ಭಯ ಯಾಕೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಗೊತ್ತಾಗಿದೆ. ರಿಪೋರ್ಟ್‌ನಲ್ಲಿ ‘ಪಿ53 ತುಂಬಾ ಜಾಸ್ತಿ, ಅಸಹಜ’ ಅಂತ ಇದೆ. ಅದು ಕ್ಯಾನ್ಸರ್ ತಡೆಯುವ ಪ್ರೋಟೀನ್ ಅಲ್ವಾ? ಜಾಸ್ತಿ ಇದ್ದರೆ ಒಳ್ಳೆಯದೇ ಆಗಬೇಕಿತ್ತಲ್ಲ? ಮತ್ತೆ, ಇದು ನನಗೂ ಬರುತ್ತದೆಯೇ?

ಉತ್ತರ: ಅಮ್ಮನ ಚಿಂತೆಯ ನಡುವೆಯೂ ಸರಿಯಾದ ಜಾಗದಲ್ಲೇ ಅನುಮಾನ ಪಟ್ಟಿದ್ದೀರಿ. ಈ ಪ್ರೋಟೀನ್ 1979ರಲ್ಲಿ ಸಿಕ್ಕಿತು. ಗೆಡ್ಡೆಗಳಲ್ಲಿ ರಾಶಿ ರಾಶಿ ಕಾಣುತ್ತಿದ್ದ ಕಾರಣ ಇದೇ ಕ್ಯಾನ್ಸರ್ ತರುತ್ತದೆ ಅಂತ ವಿಜ್ಞಾನಿಗಳೂ ಹತ್ತು ವರ್ಷ ನಂಬಿದ್ದರು. ಇದು ತಡೆಯುವ ಪ್ರೋಟೀನ್ ಅಂತ ಗೊತ್ತಾಗಿದ್ದು 1989ರಲ್ಲಿ.

ನಿಮ್ಮ ತೋಟದಲ್ಲಿ ಕಾಂಡ ಕೊರೆಯುವ ಹುಳ, ಅಂದರೆ ಬೋರರ್ ಹುಡುಕುವಾಗ ಒಂದೊಂದೇ ಗಿಡದ ಕಾಂಡ ನೋಡಿಕೊಂಡು ಹೋಗಿ, ಉಬ್ಬಿದ ಗೆರೆ ಕಂಡರೆ ಗಿಡವನ್ನೇ ಕಿತ್ತು ಸುಡುತ್ತೀರಲ್ಲ, ಜೀವಕೋಶದೊಳಗೆ ಪಿ53 ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ. ಡಿಎನ್ಎ ಹಾಳಾಗಿದ್ದರೆ ಕೋಶ ಎರಡಾಗುವುದನ್ನು ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. ಕೆಲಸ ಇಲ್ಲದಾಗ ಅದು ಸುಮ್ನೆ ಉಳಿಯುವುದಿಲ್ಲ. ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಬೇಗ ಬೇಗ ಖಾಲಿ ಮಾಡಿಸುತ್ತದೆ. ಪಿ53ರ ಜೀನ್ ಕೆಟ್ಟರೆ ಕೆಲಸಕ್ಕೆ ಬಾರದ ಪ್ರೋಟೀನ್ ತಯಾರಾಗಿ, ಖಾಲಿಯೂ ಆಗದೆ ಕೋಶದಲ್ಲಿ ತುಂಬಿಕೊಳ್ಳುತ್ತದೆ. ಅಮ್ಮನ ರಿಪೋರ್ಟ್‌ನ ‘ಜಾಸ್ತಿ’ ಅಂದರೆ ಇದು.

ಲ್ಯಾಬ್‌ನಲ್ಲಿ ಇದನ್ನು ನೋಡುವುದು ಆಂಟಿಬಾಡಿಯಿಂದ, ಅಂದರೆ ಗುರುತು ಹಿಡಿದು ಅಂಟಿಕೊಳ್ಳುವ ಇನ್ನೊಂದು ಪ್ರೋಟೀನಿನಿಂದ. ಬಯಾಪ್ಸಿ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ನಿಂದ ತೆಳ್ಳಗೆ ಕುಯ್ದ ಪದರಕ್ಕೆ, ಇಲಿಯ ಕೋಶಗಳಿಂದ ತಯಾರಿಸಿದ ಡಿಓ-7ನಂಥ ಆಂಟಿಬಾಡಿ ಹಾಕುತ್ತಾರೆ. ಪಿ53 ಇದ್ದಲ್ಲಿ ಅದು ಅಂಟಿಕೊಳ್ಳುತ್ತದೆ, ಆ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಅದು ಹಿಡಿಯುವುದು ಪ್ರೋಟೀನಿನ ಒಂದು ತುದಿಯನ್ನು ಮಾತ್ರ, ಹಾಗಾಗಿ ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಒಂದೇ ರೀತಿ ಅಂಟುತ್ತದೆ. ಅದಕ್ಕೇ ಡಾಕ್ಟರ್ ಬಣ್ಣದ ಹರವನ್ನು ಓದುತ್ತಾರೆ. ಅಲ್ಲೊಂದು ಇಲ್ಲೊಂದು ಕೋಶ, ಕೆಲವು ತಿಳಿ ಕೆಲವು ಗಾಢ ಇದ್ದರೆ ಸಹಜ. ಹೆಚ್ಚುಕಮ್ಮಿ ಎಲ್ಲಾ ಕೋಶಗಳ ನ್ಯೂಕ್ಲಿಯಸ್ಸೂ ಡಿಕಾಕ್ಷನ್ ಥರ ಗಾಢವಾಗಿದ್ದರೆ ಅಸಹಜ. ಒಂದು ಚೂರೂ ಬಣ್ಣ ಇಲ್ಲದಿದ್ದರೂ ಅಸಹಜವೇ, ಯಾಕೆಂದರೆ ಕೆಲವು ಸಲ ಜೀನ್ ಕೆಟ್ಟಾಗ ಪ್ರೋಟೀನ್ ತಯಾರಾಗುವುದೇ ಇಲ್ಲ. ಆಗ ಪಕ್ಕದ ಆರೋಗ್ಯವಂತ ಕೋಶಗಳಲ್ಲಾದರೂ ತಿಳಿ ಕಂದು ಕಾಣಬೇಕು. ಅಲ್ಲೂ ಇಲ್ಲ ಅಂದರೆ ಬಣ್ಣ ಹಾಕಿದ್ದೇ ಸರಿಯಾಗಿಲ್ಲ, ಪರೀಕ್ಷೆ ಮತ್ತೆ ಮಾಡಬೇಕು.

ನಿಮಗೂ ಬರುತ್ತದಾ ಅಂದಿರಿ. ಇಂಥ ಬದಲಾವಣೆ ಹೆಚ್ಚಿನವರಲ್ಲಿ ಗೆಡ್ಡೆಯಲ್ಲಿ ಮಾತ್ರ ಆಗಿರುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ವಂಶದಲ್ಲಿ ಬರುವ ಲಿ-ಫ್ರಾಮೆನಿ ಅನ್ನುವ ತೊಂದರೆ ಇದೆ, ಆದರೆ ಬಹಳ ಅಪರೂಪ. ಮನೆತನದಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಜೀನ್ ಪರೀಕ್ಷೆ ಮಾಡಿಸಬಹುದು.

ಗರ್ಭಕೋಶದ ಕ್ಯಾನ್ಸರ್‌ನಲ್ಲಿ ಪಿ53 ಅಸಹಜ ಇದ್ದರೆ ಕಾಯಿಲೆ ಜೋರಾಗಿ ಬೆಳೆಯುವ ಸಂಭವ ಜಾಸ್ತಿ. ಆಪರೇಷನ್ ಆದಮೇಲೆ ಕೀಮೋ ಬೇಕಾ ಅಂತ ತೀರ್ಮಾನಿಸುವಾಗ ಇದನ್ನೂ ನೋಡುತ್ತಾರೆ. ಡಾಕ್ಟರ ಹತ್ತಿರ ಇದನ್ನು ನೇರವಾಗಿ ಕೇಳಿ. ಮೈಸೂರಿಗೋ ಬೆಂಗಳೂರಿಗೋ ಹೋಗುವುದಾದರೆ ರಿಪೋರ್ಟ್ ಒಂದೇ ಸಾಲದು, ಬಯಾಪ್ಸಿ ಮಾಡಿದ ಲ್ಯಾಬ್‌ನಿಂದ ಮೇಣದ ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ತೆಗೆದುಕೊಂಡು ಹೋಗಿ.